ಕೆರೆ ಕಟ್ಟೆಗಳೂ ಆಂಗ್ಲಭಾಷೆಯ ಪರ್ಯಾಯಪದಗಳೂ

ಒಂದೇ ಅರ್ಥವುಳ್ಳವೆಂದು ಮೇಲ್ನೋಟಕ್ಕೆ ತೋರುವ ಎರಡು ಶಬ್ದಗಳು ವಾಸ್ತವವಾಗಿ ಒಂದೇ ಅರ್ಥವನ್ನು ಕೊಡುವುದು ಬಹು ವಿರಳ. ಈ ಮಾತು ಎಲ್ಲ ಭಾಷೆಗಳಿಗೂ ಸಲ್ಲುವುದಾದರೂ ಆಂಗ್ಲಭಾಷೆಗೆ ವಿಶೇಷವಾಗಿ ಸಲ್ಲುತ್ತದೆ. ಆ ಭಾಷೆಯು ತನ್ನ ಮೂಲದ ಜರ್ಮಾನಿಕ್ ಪದಗಳೊಡನೆ ಫ್ರೆಂಚ್ ಮತ್ತು ಲ್ಯಾಟಿನ್ ಪದಗಳನ್ನು ಹೇರಳವಾಗಿ ಕೂಡಿಸಿಕೊಂಡು, ತರುವಾಯ ವ್ಯಾಪಾರ ರಾಜ್ಯಭಾರಗಳ ನಿಮಿತ್ತವಾಗಿ ಪ್ರಪಂಚದ ನಾನಾ ದೇಶಗಳ ಮಾತುಗಳನ್ನೂ ಸೇರಿಸಿಕೊಂಡು ಬೆಳೆದುದರಿಂದ, ಒಂದೊಂದು ವಸ್ತುವಿಗೂ ಅಲ್ಲಿ ನಾಲ್ಕಾರು ಹೆಸರುಗಳು ದೊರೆಯುತ್ತವೆ. ಆ ಹೆಸರುಗಳೊಳಗಿನ ತಾರತಮ್ಯವನ್ನರಿಯದೆ ಒಂದರ ಸ್ಥಾನದಲ್ಲಿ ಮತ್ತೊಂದನ್ನು ಪ್ರಯೋಗಿಸುವುದು ವಿದ್ಯಾರ್ಥಿಗಳಲ್ಲಿ ಕಾಣುವ ಸಾಮಾನ್ಯ ದೋಷ. ಪರೀಕ್ಷೆಯ ಉತ್ತರದಲ್ಲಿ ಈ ದೋಷಕ್ಕೆ ಒಂದೆರಡು ಅಂಕಗಳು ಹೋದರೆ ಮುಗಿಯಿತು. ಆದರೆ ರಾಜ್ಯಗಳೊಳಗಿನ ಒಪ್ಪಂದಗಳಲ್ಲಿಯೂ ಶಾಸನವಿಧಿಗಳಲ್ಲಿಯೂ ಇಂತಹ ಪದಗಳು ಬಂದಾಗ ಅವುಗಳ ಅರ್ಥದಮೇಲೆ ರೈತನ ನೀರೂ ನೆಲವೂ ನಿಂತಿರುತ್ತವೆ. ಈ ಸಂಗತಿಯನ್ನು ನಮ್ಮ ಸೀಮೆಯ ಒಂದೆರಡು ಮಾತುಗಳ ಚರಿತ್ರೆಯಿಂದ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಶಬ್ದಗಳ ಸಮಾನಾರ್ಥವನ್ನು ಕುರಿತು ನಮ್ಮ ಪೂರ್ವಿಕರು ಯೋಚಿಸಿದ ರೀತಿ ಒಂದು. ಪಾಶ್ಚಾತ್ಯರು ಯೋಚಿಸಿದ ರೀತಿ ಮತ್ತೊಂದು. ಅಮರಸಿಂಹನ ಕೋಶವಾಗಲಿ, ಅದನ್ನನುಸರಿಸಿ ಕನ್ನಡದಲ್ಲಿ ಹುಟ್ಟಿದ ನಿಘಂಟುಗಳಾಗಲಿ ಕವಿಗೂ ಪಾಠಕನಿಗೂ ಸಹಾಯವಾಗಲೆಂದು ಸಮಾನಾರ್ಥವುಳ್ಳ ಪದಗಳನ್ನು ಒಂದೆಡೆಗೆ ಕೂಡಿಹಾಕಿದವು. ಪಾಶ್ಚಾತ್ಯರಾದರೋ ಹದಿನೆಂಟನೆಯ ಶತಮಾನದಿಂದೀಚೆಗೆ ಅವುಗಳನ್ನು ಬಿಡಿಸಿಡುವ ಕೆಲಸಕ್ಕೆ ಕೈಹಾಕಿದರು. ಫ್ರಾನ್ಸಿನಲ್ಲಿ ಗಿರಾರ್ ಎಂಬ ಪಾದ್ರಿಯು 1718ರಲ್ಲಿ ಫ್ರೆಂಚ್ ಪರ್ಯಾಯಪದಗಳ ಭೇದವನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದನು. ಇಂಗ್ಲೆಂಡಿನಲ್ಲಿ ಹೆಸ್ಟರ್ ಪಿಯೋಜಿ ಎಂಬ ವಿದುಷಿಯು 1794ರಲ್ಲಿಯೂ, ಜಾರ್ಜ್ ಕ್ರ್ಯಾಬ್ ಎಂಬಾತನು 1816ರಲ್ಲಿಯೂ ಅದೇ ವಿಷಯವಾಗಿ ಗ್ರಂಥಗಳನ್ನು ಬರೆದರು. 1852ರಲ್ಲಿ ರೋಜೆ ಎಂಬ ವೈದ್ಯನು ಪ್ರಕಟಿಸಿದ ಥಿಸಾರಸ್ ಎಂಬ ಪ್ರಸಿದ್ಧ ಪದಕೋಶವು ಪುನಃ ಪದಗಳನ್ನು ಕೂಡಿಹಾಕುವ ಪದ್ಧತಿಯನ್ನೇ ಹಿಡಿಯಿತು. ಕೂಡಿಸುವ ಕೋಶದಿಂದ ಪದಸಂಪತ್ತು ಬೆಳೆಯುತ್ತದೆ. ಬಿಡಿಸುವ ಕೋಶದಿಂದ ವಿವೇಕ ಬೆಳೆಯುತ್ತದೆ. ಎರಡೂ ಬೇಕು.

ಇನ್ನು ನಮ್ಮ ವಿಷಯಕ್ಕೆ ಬರೋಣ. ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನಲ್ಲಿ ಕಣಕಟ್ಟೆಯು ಒಂದು ಹೋಬಳಿಯ ಮುಖ್ಯಗ್ರಾಮ. ತಾಲ್ಲೂಕಿನ ಹೆಸರು ಕೆರೆಯಿಂದ ಮುಗಿಯುತ್ತದೆ. ಹೋಬಳಿಯ ಹೆಸರು ಕಟ್ಟೆಯಿಂದ ಮುಗಿಯುತ್ತದೆ. ನೆರೆಯ ಬೇಲೂರು ತಾಲ್ಲೂಕಿನ ಹಳೇಬೀಡಿಗೆ ಹೊಯ್ಸಳರ ಕಾಲದಲ್ಲಿ ದೋರಸಮುದ್ರವೆಂದೂ ದ್ವಾರಸಮುದ್ರವೆಂದೂ ಹೆಸರಿದ್ದುದು ಸರ್ವವಿದಿತವಾಗಿದೆ. ಕಡಲಿನಿಂದ ಬಹುದೂರವಾದ ಬಯಲುಸೀಮೆಯ ಅಂಚಿನಲ್ಲಿ ಒಂದು ರಾಜಧಾನಿಗೆ ಸಮುದ್ರವೆಂಬ ಹೆಸರು ಬಂದುದು ಅಲ್ಲಿಯ ದೊಡ್ಡ ಕೆರೆಯಿಂದ. ಮಳೆ ಸ್ವಲ್ಪವಾಗಿ ಬೀಳುವ ಸೀಮೆಯಲ್ಲಿ ಜನರು ನೀರು ನಿಂತ ಸ್ಥಳವನ್ನು ಎಷ್ಟು ಗೌರವದಿಂದ ಕಂಡರೆಂಬುದಕ್ಕೆ ಈ ಮೂರು ಹೆಸರುಗಳೇ ಸಾಕ್ಷಿ. ಈಗ ಈ ಕೆರೆ, ಕಟ್ಟೆ, ಸಮುದ್ರಗಳನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು? ಟ್ಯಾಂಕ್, ಪಾಂಡ್, ಲೇಕ್, ರೆಸರ್ವಾಯರ್ ಎಂಬ ನಾಲ್ಕು ಮಾತುಗಳು ನೀರಿಗೂ, ಬಂಡ್, ಡ್ಯಾಂ, ವಿಯರ್, ಅನಿಕಟ್ ಎಂಬ ನಾಲ್ಕು ಮಾತುಗಳು ನೀರನ್ನು ತಡೆಯುವ ಕಟ್ಟಡಕ್ಕೂ ಆ ಭಾಷೆಯಲ್ಲಿ ಬಳಕೆಯಾಗಿವೆ. ಇವುಗಳ ಭೇದವನ್ನು ಒಂದೊಂದಾಗಿ ನೋಡಬೇಕಾಗಿದೆ.

ಮೊದಲು ಕಟ್ಟೆಯನ್ನು ತೆಗೆದುಕೊಳ್ಳೋಣ. ಇದು ಕಟ್ಟು ಎಂಬ ಧಾತುವಿನಿಂದ ಬಂದ ಅಚ್ಚಗನ್ನಡ ಶಬ್ದ. ಅರಳಿಮರದ ಬುಡದಲ್ಲಿ ಊರ ಹಿರಿಯರು ಕುಳಿತು ನ್ಯಾಯ ಹೇಳುವ ಜಗಲಿಯು ಅರಳಿಕಟ್ಟೆ; ಮಳೆಯ ನೀರು ನಿಲ್ಲಲೆಂದು ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಸಣ್ಣ ಏರಿಯೂ ಕಟ್ಟೆ; ಆ ಏರಿಯ ಹಿಂದೆ ನಿಂತು ದನಕರುಗಳಿಗೆ ಕುಡಿಯಲೊದಗುವ ನೀರೂ ಕಟ್ಟೆ. ಹರಿಯುವ ಹೊಳೆಗೆ ಅಡ್ಡವಾಗಿ ಕಲ್ಲುಗಳನ್ನು ಜೋಡಿಸಿ ನೀರನ್ನು ಕಾಲುವೆಗೆ ತಿರುಗಿಸುವ ಕಟ್ಟಡವೂ ಕಟ್ಟೆಯೇ. ತಲಕಾಡಿನ ಬಳಿ ಕಾವೇರಿಗೆ ಕಟ್ಟಿದ ಮಾಧವಮಂತ್ರಿ ಕಟ್ಟೆಯೂ, ನಮ್ಮ ಜಿಲ್ಲೆಯಲ್ಲಿಯೇ ಹೇಮಾವತಿಗೆ ಕಟ್ಟಿದ ಶ್ರೀರಾಮದೇವರ ಕಟ್ಟೆಯೂ ಇದಕ್ಕೆ ನಿದರ್ಶನಗಳು. ಕಡೆಗೆ ಇಪ್ಪತ್ತನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಎದ್ದ ಕೃಷ್ಣರಾಜಸಾಗರದ ಮಹಾಕಟ್ಟಡವನ್ನು ಜನರು ಕನ್ನಂಬಾಡಿ ಕಟ್ಟೆಯೆಂದೇ ಕರೆದರು. ದನ ಕುಡಿಯುವ ಗುಂಡಿಯಿಂದ ಮೊದಲ್ಗೊಂಡು ಸಾವಿರಾರು ಎಕರೆಗಳಿಗೆ ನೀರೂಡುವ ಸಾಗರದವರೆಗೆ ಒಂದೇ ಮಾತು. ಕನ್ನಡಿಗನ ಕಣ್ಣಿಗೆ ಮುಖ್ಯವಾದುದು ಗಾತ್ರವಲ್ಲ, ಕಟ್ಟಿದ ಕ್ರಿಯೆ.

ಇಂಗ್ಲಿಷಿನವನು ಈ ಒಂದು ಮಾತನ್ನು ಮೂರಾಗಿ ಸೀಳಬೇಕಾಗುತ್ತದೆ. ಸಣ್ಣದಾಗಿ ನಿಂತ ನೀರು ಪಾಂಡ್. ನೀರನ್ನು ಪೂರ್ಣವಾಗಿ ತಡೆದು ಹಿಂದೆ ಶೇಖರಿಸುವ ಕಟ್ಟಡ ಡ್ಯಾಂ. ನೀರಿನ ಮಟ್ಟವನ್ನು ಸ್ವಲ್ಪ ಎತ್ತರಿಸಿ, ಕಾಲುವೆಗೆ ಬೇಕಾದಷ್ಟನ್ನು ತಿರುಗಿಸಿ, ಮಿಕ್ಕುದನ್ನು ತನ್ನ ತಲೆಯ ಮೇಲೆಯೇ ಹರಿದುಹೋಗಗೊಡುವ ಕಟ್ಟಡ ವಿಯರ್. ಡ್ಯಾಮಿನ ಗುಣ ತಡೆಯುವುದು. ವಿಯರಿನ ಗುಣ ತಿರುಗಿಸುವುದು. ಈ ಭೇದವು ಎಂಜಿನಿಯರುಗಳಿಗೆ ಪ್ರಾಣಪ್ರಾಯವಾದುದು. ಆದರೂ ಮೂಲವನ್ನು ಕೆದಕಿ ನೋಡಿದರೆ ಎರಡು ಭಾಷೆಗಳ ಬುದ್ಧಿಯೂ ಒಂದೇ ದಾರಿಯಲ್ಲಿ ನಡೆದಿರುವುದು ಕಾಣುತ್ತದೆ. ಪಾಂಡ್ ಎಂಬುದು ಆವರಣವೆಂಬರ್ಥದ ಪೌಂಡ್ ಎಂಬ ಹಳೆಯ ಮಾತಿನ ರೂಪಾಂತರ. ದನಗಳನ್ನು ಕೂಡಿಹಾಕುವ ದೊಡ್ಡಿಗೂ ಅದೇ ಹೆಸರು. ಕಟ್ಟಿಹಾಕಿದುದು ಕಟ್ಟೆಯಾದಂತೆ ಕೂಡಿಹಾಕಿದುದು ಪಾಂಡ್ ಆಯಿತು. ಹಾಲೆಂಡಿನ ಪ್ರಸಿದ್ಧ ನಗರವಾದ ಆಮ್‌ಸ್ಟರ್‌ಡ್ಯಾಮಿನ ಹೆಸರಿಗೆ ಆಮ್‌ಸ್ಟೆಲ್ ಹೊಳೆಯ ಕಟ್ಟೆಯೆಂದೇ ಅರ್ಥ. ನಮ್ಮ ಕಣಕಟ್ಟೆಯ ಹೆಸರೂ ಆ ಮಹಾನಗರದ ಹೆಸರೂ ಕೊನೆಯಲ್ಲಿ ಒಂದೇ ಜಾತಿಯ ಮಾತನ್ನು ಹೊತ್ತಿವೆಯೆಂಬುದು ಕೌತುಕವಲ್ಲವೆ?

ಇನ್ನು ಕೆರೆ. ಕೆರೆಗೆ ಟ್ಯಾಂಕ್ ಎಂಬುದು ಶಾಲೆಯಲ್ಲಿ ನಾವೆಲ್ಲರೂ ಕಲಿತ ಪಾಠ. ಆದರೆ ಟ್ಯಾಂಕ್ ಎಂಬುದರ ವಂಶಾವಳಿಯೇ ಸಂದಿಗ್ಧವಾದುದು. ಯೂಲ್ ಮತ್ತು ಬರ್ನೆಲ್ ಎಂಬ ವಿದ್ವಾಂಸರು 1886ರಲ್ಲಿ ಪ್ರಕಟಿಸಿದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಪದಕೋಶದಲ್ಲಿ ಈ ಮಾತಿಗೆ ಎರಡು ಮೂಲಗಳನ್ನು ಕಾಣಿಸಿದ್ದಾರೆ. ಗುಜರಾತಿ ಮರಾಠಿಗಳಲ್ಲಿ ನೀರಿನ ತೊಟ್ಟಿಗೆ ಟಾಂಕೆ ಮುಂತಾದ ಮಾತುಗಳುಂಟು. ಪೋರ್ಚುಗೀಸರಲ್ಲಿ ನಿಂತ ನೀರೆಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ ಟಾಂಕೆ ಎಂಬ ಮಾತೂ ಉಂಟು. ಎರಡು ಹೊಳೆಗಳು ಕೂಡಿದಂತೆ ಈ ಎರಡು ಮಾತುಗಳೂ ಪಶ್ಚಿಮ ಸಮುದ್ರತೀರದಲ್ಲಿ ಕೂಡಿ ಇಂಗ್ಲಿಷರ ಬಾಯಲ್ಲಿ ಟ್ಯಾಂಕ್ ಆಯಿತೆಂದು ಊಹಿಸಬಹುದು. ಅಗೆದು ಮಾಡಿದ ನೀರಿನ ಕೊಳಕ್ಕೂ, ಅಡ್ಡಗಟ್ಟಿ ನಿಲ್ಲಿಸಿದ ನೀರಿಗೂ ಅವರು ಭೇದವೆಣಿಸದೆ ಇದೊಂದನ್ನೇ ಹೇಳಿದರು. ಬಂಗಾಳದಲ್ಲಿ ಟ್ಯಾಂಕ್ ಎಂದರೆ ಅಗೆದ ಕೊಳ. ಮೈಸೂರು ಸೀಮೆಯಲ್ಲಿ ಟ್ಯಾಂಕ್ ಎಂದರೆ ಏರಿ ಹಾಕಿದ ಕೆರೆ. ನಮ್ಮ ಕೆರೆ, ಕುಂಟೆ, ಕೊಳ, ಕಲ್ಯಾಣಿ, ಪುಷ್ಕರಣಿಗಳೆಲ್ಲವೂ ಆ ಒಂದು ಮಾತಿನೊಳಗೆ ಮುಳುಗಿದುವು.

ಇಲ್ಲಿ ವಾಚಕರು ಒಂದು ವಿಚಿತ್ರವನ್ನು ಗಮನಿಸಬೇಕು. ನಮ್ಮ ಕಟ್ಟೆಯನ್ನು ಇಂಗ್ಲಿಷ್ ಮೂರಾಗಿ ಒಡೆಯಿತು. ನಮ್ಮ ಐದಾರು ಮಾತುಗಳನ್ನು ಒಂದೇ ಟ್ಯಾಂಕಿಗೆ ತುಂಬಿತು. ಯಾವ ಭಾಷೆಯೂ ಬಡವಲ್ಲ, ಯಾವ ಭಾಷೆಯೂ ಸರ್ವಸಂಪನ್ನವಲ್ಲ. ತನ್ನ ಜನರ ಬಾಳಿಗೆ ಎಲ್ಲಿ ಭೇದ ಬೇಕೋ ಅಲ್ಲಿ ಪ್ರತಿಯೊಂದು ಭಾಷೆಯೂ ಭೇದವನ್ನು ಮಾಡಿಕೊಂಡಿರುತ್ತದೆ. ಕಲ್ಯಾಣಿಯು ದೇವಾಲಯಕ್ಕೆ ಸೇರಿದುದು, ಸ್ನಾನಕ್ಕೂ ತೆಪ್ಪೋತ್ಸವಕ್ಕೂ ಇರತಕ್ಕದ್ದು. ಅದಕ್ಕೆ ನಾಲ್ಕು ಕಡೆಯೂ ಮೆಟ್ಟಿಲುಂಟು, ತೂಬಿಲ್ಲ. ಕೆರೆಯು ಬೇಸಾಯಕ್ಕೆ ಸೇರಿದುದು. ಅದಕ್ಕೆ ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು ಎಂಬ ಅಂಗಗಳುಂಟು, ನೀರನ್ನು ಸರದಿಯಂತೆ ಬಿಡುವ ನೀರುಗಂಟಿಯುಂಟು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿರುವ 1369ರ ಸಂಸ್ಕೃತ ಶಾಸನವು ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಕೆರೆಯನ್ನು ಕಟ್ಟಿಸಿದವನಿಗೂ ಕಾಪಾಡಿಕೊಂಡು ಬಂದವನಿಗೂ ಕಟ್ಟುಗೊಡಗೆ, ಕೆರೆಗೊಡಗೆ, ದಶವಂದ, ಬಿಟ್ಟುವಟ್ಟ ಎಂಬ ಹೆಸರಿನ ಭೂಮಿಗಳನ್ನು ಬಿಡುತ್ತಿದ್ದರೆಂದು ನಮ್ಮ ಶಾಸನಗಳಿಂದ ತಿಳಿಯುತ್ತದೆ. ಆದುದರಿಂದ ಕೆರೆಯೆಂದರೆ ನೀರು ಮಾತ್ರವಲ್ಲ. ಅದು ನೀರು, ನೆಲ, ಹಕ್ಕು, ಕರ್ತವ್ಯಗಳು ಒಟ್ಟುಗೂಡಿದ ಒಂದು ವ್ಯವಸ್ಥೆ. ಕೆರೆಗೆ ಹಾರ ಎಂಬ ಜನಪದ ಕಥನಗೀತೆಯಲ್ಲಿ ಸೊಸೆಯ ಪ್ರಾಣವನ್ನೇ ಬೇಡುವಷ್ಟು ದೊಡ್ಡದಾಗಿ ನಿಂತ ವಸ್ತುವು ಟ್ಯಾಂಕ್ ಎಂಬ ಮಾತಿನಲ್ಲಿ ಹೇಗೆ ಅಡಗೀತು?

ಲೇಕ್ ಎಂದರೆ ಆಗಬಹುದೋ ಎಂದರೆ ಅದಕ್ಕೂ ತೊಡಕುಂಟು. ಲ್ಯಾಟಿನ್ ಮೂಲದ ಈ ಮಾತು ಮುಖ್ಯವಾಗಿ ಪ್ರಕೃತಿಯೇ ನಿರ್ಮಿಸಿದ ಸರೋವರಕ್ಕೆ ಸಲ್ಲುತ್ತದೆ. ಅದಕ್ಕೆ ಏರಿಯ ನೆನಪಿಲ್ಲ, ತೂಬಿನ ಸೂಚನೆಯಿಲ್ಲ, ಅಚ್ಚುಕಟ್ಟಿನ ಹಂಗಿಲ್ಲ. ಲೇಕ್ ಎಂದೊಡನೆ ಮನಸ್ಸಿಗೆ ಬರುವುದು ದಡದ ಸೊಗಸು, ದೋಣಿವಿಹಾರ, ಸಂಜೆಯ ಗಾಳಿ; ಕೆರೆಯೆಂದೊಡನೆ ಬರುವುದು ಹೂಳು, ಗದ್ದೆ, ಸರದಿ. ರೆಸರ್ವಾಯರ್ ಎಂಬ ಫ್ರೆಂಚ್ ಮಾತಿಗೆ ಮುಂದಕ್ಕೆಂದು ಕಾದಿರಿಸುವ ಸ್ಥಳವೆಂದು ಅರ್ಥ. ಗುಣವನ್ನು ನೋಡಿದರೆ ಇದೇ ಕೆರೆಗೆ ಹೆಚ್ಚು ಸಮೀಪವಾದುದು. ಆದರೆ ರೂಢಿಯಲ್ಲಿ ಅದು ದೊಡ್ಡ ಅಣೆಗಳ ಹಿಂದಿನ ನೀರಿಗೆ ಮೀಸಲಾಯಿತು. ಅದಕ್ಕೆ ಪ್ರತಿಯಾಗಿ ಈಗ ನಾವು ಹೇಳುವ ಜಲಾಶಯವು ಅಮರಕೋಶದಲ್ಲಿ ನೀರು ನಿಂತ ಸ್ಥಳಗಳಿಗೆಲ್ಲ ಸಾಧಾರಣವಾದ ಹೆಸರು. ಇಂಗ್ಲಿಷಿನ ಭೇದವನ್ನು ತುಂಬಿಕೊಳ್ಳುವುದಕ್ಕಾಗಿ ನಾವೂ ನಮ್ಮ ಹಳೆಯ ಮಾತಿನ ಅರ್ಥವನ್ನು ಕಿರಿದುಮಾಡಿಕೊಂಡೆವು.

ಅನಿಕಟ್ ಎಂಬ ಮಾತಿನ ಚರಿತ್ರೆ ಇನ್ನೂ ಸ್ವಾರಸ್ಯವಾಗಿದೆ. ತಮಿಳಿನ ಅಣೈಕಟ್ಟು, ಕನ್ನಡದ ಅಣೆಕಟ್ಟು, ಎರಡೂ ಒಂದೇ ದ್ರಾವಿಡ ಪದ. ಕಾವೇರಿಯ ಮುಖಜಭೂಮಿಯಲ್ಲಿದ್ದ ಪ್ರಾಚೀನವಾದ ಕಲ್ಲಣೆಯಂತಹ ಕಟ್ಟಡಗಳನ್ನು ಕಂಡ ಇಂಗ್ಲಿಷ್ ಎಂಜಿನಿಯರುಗಳು ತಮಿಳಿನ ಮಾತನ್ನೇ ಎತ್ತಿಕೊಂಡು ಅನಿಕಟ್ ಎಂದು ಬರೆದರು. ಅವರ ಭಾಷೆಯಲ್ಲಿ ಅದು ವಿಯರಿಗೆ ಸಮಾನ. ನೀರು ಮೇಲೆ ಹರಿದುಹೋಗುವ ಗಿಡ್ಡ ಕಟ್ಟಡ. ನಮ್ಮ ಭಾಷೆಯಲ್ಲಿಯೋ ಅಣೆಕಟ್ಟೆಂಬ ಅದೇ ಪದವು ಇಂದು ಡ್ಯಾಮಿಗೆ ಸಮಾನವಾಗಿದೆ. ಒಂದೇ ತಾಯಿಯ ಇಬ್ಬರು ಮಕ್ಕಳು ಎರಡು ಮನೆಗಳಲ್ಲಿ ಬೆಳೆದು, ಒಬ್ಬನು ಗಿಡ್ಡನಾಗಿಯೂ ಮತ್ತೊಬ್ಬನು ಎತ್ತರವಾಗಿಯೂ ಆದಂತಾಯಿತು. ಅನಿಕಟ್ ಎಂದಿರುವಲ್ಲಿ ಅಣೆಕಟ್ಟೆಂದು ಕಣ್ಣುಮುಚ್ಚಿ ಭಾಷಾಂತರಿಸಿದರೆ ಅರ್ಥವು ಕೆಡುವುದೆಂಬುದನ್ನು ಭಾಷಾಂತರಕಾರರು ನೆನಪಿನಲ್ಲಿಡತಕ್ಕದ್ದು. ಬಂಡ್ ಎಂಬುದು ಪಾರಸಿಯ ಬಂದ್. ಅದಕ್ಕೂ ಕಟ್ಟು ಎಂದೇ ಅರ್ಥ. ಅದು ಕೆರೆಯ ಮಣ್ಣೇರಿಗೆ ಸಲ್ಲುತ್ತದೆ.

ಕೋಶಕಾರರು ಈ ತೊಡಕನ್ನು ಅರಿಯದವರಲ್ಲ. ವಿಲಿಯಂ ರೀವ್ ಎಂಬ ಪಾದ್ರಿಯು 1824ರಲ್ಲಿ ಇಂಗ್ಲಿಷ್-ಕನ್ನಡ ಕೋಶವನ್ನೂ 1832ರಲ್ಲಿ ಕನ್ನಡ-ಇಂಗ್ಲಿಷ್ ಕೋಶವನ್ನೂ ಪ್ರಕಟಿಸಿದನು. ಬಾಸೆಲ್ ಮಿಷನ್ನಿನ ಜೀಗ್ಲರನು 1876ರಲ್ಲಿ ಶಾಲಾಬಾಲಕರಿಗಾಗಿ ಇಂಗ್ಲಿಷ್-ಕನ್ನಡ ಕೋಶವನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದನು. ಅದೇ ಸಂಸ್ಥೆಯ ಕಿಟ್ಟೆಲ್ ಪಂಡಿತನ ಮಹಾಕೋಶವು 1894ರಲ್ಲಿ ಹೊರಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು 1946ರಲ್ಲಿ ಪ್ರಕಟವಾಯಿತು. ಕೋಶದ ಸ್ವಭಾವವೇನೆಂದರೆ, ಒಂದು ಪದದ ಮುಂದೆ ನಾಲ್ಕು ಪದಗಳನ್ನು ಇಟ್ಟು ಆಯ್ಕೆಯನ್ನು ಓದುಗನಿಗೆ ಬಿಡುವುದು. ಸರ್ಕಾರದ ಕಚೇರಿಗಳಿಗೆ ಇಷ್ಟು ಸಾಲದಾಯಿತು. ಕಂದಾಯ ನ್ಯಾಯಾಲಯಗಳ ಕಾಗದಗಳಲ್ಲಿ ಹಿಂದೂಸ್ಥಾನದ ನಾನಾ ಭಾಷೆಗಳ ಮಾತುಗಳು ತುಂಬಿ ಗೊಂದಲವುಂಟಾದುದನ್ನು ಕಂಡು ಎಚ್. ಎಚ್. ವಿಲ್ಸನ್ನನು 1855ರಲ್ಲಿ ಅಂತಹ ಮಾತುಗಳಿಗೇ ಒಂದು ಪ್ರತ್ಯೇಕ ಕೋಶವನ್ನು ರಚಿಸಿದನು. ನಮ್ಮ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಐದನೆಯ ಸಂಪುಟವಾಗಿ 1902ರಲ್ಲಿ ಹೊರತಂದ ಲೂಯಿಸ್ ರೈಸನು ಕೆರೆಯೆಂದಿರುವೆಡೆ ರೂಢಿಯಂತೆ ಟ್ಯಾಂಕ್ ಎಂದೇ ಭಾಷಾಂತರಿಸಿದನು. ಇತಿಹಾಸವನ್ನು ಇಂಗ್ಲಿಷಿನ ಮೂಲಕವೇ ಓದಿದ ತಲೆಮಾರುಗಳಿಗೆ ಹೊಯ್ಸಳರ ಕೆರೆಗಳು ಟ್ಯಾಂಕುಗಳಾಗಿಯೇ ಪರಿಚಯವಾದುವು.

ಇಷ್ಟುಮಾತ್ರವೇ ಆಗಿದ್ದರೆ ಇದನ್ನು ಪಂಡಿತರ ಚರ್ಚೆಯೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ 1892ನೆಯ ಇಸವಿ ಫೆಬ್ರವರಿ 18ರಂದು ಮೈಸೂರು ಸಂಸ್ಥಾನಕ್ಕೂ ಮದರಾಸು ಸರ್ಕಾರಕ್ಕೂ ಆದ ಒಪ್ಪಂದದಲ್ಲಿ ಈ ಪದಗಳು ಬಂದು ಕುಳಿತುವು. ಆಗ ಸರ್ ಕೆ. ಶೇಷಾದ್ರಿ ಅಯ್ಯರವರು ಮೈಸೂರಿನ ದಿವಾನರಾಗಿದ್ದರು. ಮೇಲಣ ಸೀಮೆಯಲ್ಲಿ ನೀರು ಹೆಚ್ಚಾಗಿ ತಡೆಯಲ್ಪಟ್ಟರೆ ಕೆಳಗಣ ಸೀಮೆಯ ಬೆಳೆಗೆ ಹಾನಿಯಾದೀತೆಂಬುದು ಮದರಾಸಿನವರ ಶಂಕೆ. ಒಪ್ಪಂದದ ಪಟ್ಟಿಯಲ್ಲಿ ಹದಿನೈದು ಮುಖ್ಯ ನದಿಗಳ ಹೆಸರುಗಳಿದ್ದುವು. ಅವುಗಳೊಳಗೆ ಕಾವೇರಿ, ಹೇಮಾವತಿ, ವೇದಾವತಿಗಳೂ, ಬೇಲೂರಿನ ಸೇತುವೆಯವರೆಗಿನ ಯಗಚಿಯೂ ಸೇರಿದ್ದುವು. ಈ ನದಿಗಳಲ್ಲಿಯೂ, ಬೇರೆ ಪಟ್ಟಿಗಳಲ್ಲಿ ನಮೂದಾದ ಹಳ್ಳಗಳಲ್ಲಿಯೂ ಜಲಾನಯನ ಪ್ರದೇಶಗಳಲ್ಲಿಯೂ ಮದರಾಸು ಸರ್ಕಾರದ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ರೆಸರ್ವಾಯರನ್ನು ಕಟ್ಟಕೂಡದೆಂದು ಏರ್ಪಟ್ಟಿತು. ಮದರಾಸು ಸರ್ಕಾರವೂ ತಾನು ಪಡೆದಿರುವ ಅನುಭೋಗದ ಹಕ್ಕನ್ನು ರಕ್ಷಿಸಿಕೊಳ್ಳುವುದಕ್ಕಲ್ಲದೆ ಒಪ್ಪಿಗೆಯನ್ನು ನಿರಾಕರಿಸಕೂಡದೆಂದು ಕಟ್ಟುಪಾಡಾಯಿತು.

ಹಾಗಾದರೆ ರೆಸರ್ವಾಯರ್ ಎಂದರೇನು? ಹೊಸದು ಎಂದರೇನು? ಒಪ್ಪಂದವೇ ಇದಕ್ಕೆ ಅರ್ಥವನ್ನು ಗೊತ್ತುಮಾಡಿತು. ಹೊಳೆಗೆ ಅಡ್ಡಲಾದ ಅನಿಕಟ್ಟುಗಳಾಗಲಿ, ಟ್ಯಾಂಕುಗಳಾಗಲಿ, ಎರಡೂ ಆಗಲಿ ರೆಸರ್ವಾಯರುಗಳೆಂದು ಅದು ಹೇಳಿತು. ಎಂದರೆ, ನೀರನ್ನು ಶೇಖರಿಸದೆ ತಿರುಗಿಸಿಬಿಡುವ ಕಟ್ಟೆಯೂ, ಊರಮುಂದಿನ ಕೆರೆಯೂ, ಪರ್ವತಗಳ ನಡುವಣ ಮಹಾಜಲಾಶಯವೂ ಒಂದೇ ಹೆಸರಿನಡಿಗೆ ಬಂದುವು. ಕ್ರ್ಯಾಬನ ಗ್ರಂಥವು ಬೇರೆಬೇರೆಯಾಗಿ ಬಿಡಿಸಬಹುದಾಗಿದ್ದ ಪದಗಳನ್ನು ಒಪ್ಪಂದದ ಲೇಖನಿಯು ಒಂದಾಗಿ ಹೊಲಿಯಿತು. ನ್ಯಾಯಶಾಸ್ತ್ರದಲ್ಲಿ ಇದು ತಪ್ಪಲ್ಲ. ಲೋಕದಲ್ಲಿ ಬೇರೆಯಾದ ವಸ್ತುಗಳನ್ನು ಒಂದು ಕಾರ್ಯದ ಮಟ್ಟಿಗೆ ಒಂದೆಂದು ಭಾವಿಸಲು ಉಭಯಪಕ್ಷಗಳೂ ಒಡಂಬಡಬಹುದು. ಆದರೆ ಒಡಂಬಟ್ಟ ಮೇಲೆ ರೂಢಿಯ ಅರ್ಥವನ್ನು ಹಿಡಿದು ವಾದಿಸಲು ಎಡೆಯಿಲ್ಲ.

ಹೊಸದು ಎಂಬುದಕ್ಕೆ ಕೊಟ್ಟ ಅರ್ಥವು ಇನ್ನೂ ಮುಖ್ಯವಾದುದು. ಹಿಂದೆ ಎಂದೂ ಇಲ್ಲದಿದ್ದುದು ಹೊಸದೆಂಬುದು ಸಹಜ. ಅದರೊಡನೆ, ಹಿಂದೊಮ್ಮೆ ಇದ್ದು ಬಿಟ್ಟುಹೋಗಿ 30 ವರ್ಷಗಳಿಗೆ ಮೇಲ್ಪಟ್ಟು ಬಳಕೆ ತಪ್ಪಿದುದೂ ಹೊಸದೆಂದೇ ಎಣಿಸಲ್ಪಟ್ಟಿತು. ದುರಸ್ತಿಯೆಂಬುದಕ್ಕೂ ಮೇರೆ ಏರ್ಪಟ್ಟಿತು. ಕೋಡಿಯನ್ನು ಎತ್ತರಿಸುವುದೂ ಇತರ ಸುಧಾರಣೆಗಳೂ ದುರಸ್ತಿಯೊಳಗೆ ಸೇರುವುವು. ಆದರೆ ಹಿಂದೆ ನಿಲ್ಲುತ್ತಿದ್ದ ನೀರಿನ ಪ್ರಮಾಣವಾಗಲಿ ಹಿಂದೆ ಬೆಳೆಯುತ್ತಿದ್ದ ಅಚ್ಚುಕಟ್ಟಿನ ವಿಸ್ತೀರ್ಣವಾಗಲಿ ಹೆಚ್ಚದೆ ಇರಬೇಕು. ಈ ಮೇರೆಯನ್ನು ಮೀರಿ ಸಾಮರ್ಥ್ಯವನ್ನು ಹೆಚ್ಚಿಸಿದರೆ ಹಳೆಯ ಕೆರೆಯೂ ಹೊಸ ರೆಸರ್ವಾಯರಾಗುತ್ತಿತ್ತು. ಇಂಗ್ಲಿಷಿನಲ್ಲಿ ರಿಪೇರ್, ರೆಸ್ಟೋರ್, ರಿನ್ಯೂ, ಇಂಪ್ರೂವ್ ಎಂಬ ನಾಲ್ಕು ಮಾತುಗಳುಂಟು. ಕೆಟ್ಟುದನ್ನು ಸರಿಪಡಿಸುವುದು ರಿಪೇರ್. ಹೋದುದನ್ನು ಹಿಂದಿನ ಸ್ಥಿತಿಗೆ ತರುವುದು ರೆಸ್ಟೋರ್. ಹಳೆಯದರ ಸ್ಥಾನದಲ್ಲಿ ಹೊಸದನ್ನು ನಿಲ್ಲಿಸುವುದು ರಿನ್ಯೂ. ಇದ್ದುದಕ್ಕಿಂತ ಮೇಲಾಗಿ ಮಾಡುವುದು ಇಂಪ್ರೂವ್. ಬಾಲಕರು ಪರೀಕ್ಷೆಗಾಗಿ ಬಾಯಿಪಾಠಮಾಡುವ ಈ ಭೇದವು ಇಲ್ಲಿ ನೀರಿನ ಅಳತೆಯಾಗಿ ನಿಂತಿತು.

ಕನ್ನಡದ ರೈತನು ಈ ವಿಷಯವನ್ನು ಹೇಗೆ ನೋಡುತ್ತಿದ್ದನು? ಅವನಿಗೆ ಒಡೆದ ಕೆರೆಯೂ ಕೆರೆಯೇ. ಏರಿ ಕೊಚ್ಚಿಹೋಗಿ ಎಷ್ಟು ತಲೆಮಾರುಗಳಾದರೂ ಅಂಗಳದಲ್ಲಿ ಜಾಲಿ ಬೆಳೆದಿದ್ದರೂ ಊರಿನವರು ಅದನ್ನು ಕೆರೆಯೆಂದೇ ಕರೆಯುವರು. ನಮ್ಮ ಶಾಸನಗಳಲ್ಲಿ ಜೀರ್ಣೋದ್ಧಾರವೆಂಬ ಗಂಭೀರವಾದ ಮಾತಿದೆ. ಹೊಸ ಕೆರೆಯನ್ನು ಕಟ್ಟಿಸುವುದಕ್ಕಿಂತ ಹಾಳಾದ ಕೆರೆಯನ್ನು ಎತ್ತಿನಿಲ್ಲಿಸುವುದರಲ್ಲಿ ಪುಣ್ಯ ಹೆಚ್ಚೆಂಬ ನಂಬಿಕೆಯಿತ್ತು. ಆ ಮಾತು ವರ್ಷಗಳನ್ನು ಎಣಿಸುವುದಿಲ್ಲ. ಪಟ್ಟಿಗಳಿಗೊಳಪಟ್ಟ ಪ್ರದೇಶದಲ್ಲಿ 31 ವರ್ಷಗಳಿಂದ ಬಳಕೆ ತಪ್ಪಿದ್ದ ಒಂದು ಕೆರೆಯನ್ನು ಊರಿನವರು ಎತ್ತಿಕಟ್ಟಲು ಹೊರಟರೆಂದು ಇಟ್ಟುಕೊಳ್ಳೋಣ. ಅವರ ಭಾಷೆಯಲ್ಲಿ ಅದು ಜೀರ್ಣೋದ್ಧಾರ. ಒಪ್ಪಂದದ ಭಾಷೆಯಲ್ಲಿ ಅದು ಹೊಸ ರೆಸರ್ವಾಯರು. ಎರಡು ಮಾತುಗಳ ನಡುವಣ ಅಂತರದಲ್ಲಿ ಒಂದೂರಿನ ಗದ್ದೆಬಯಲೇ ಬಿದ್ದಿದೆ.

ಹಾಗೆಂದು ಒಪ್ಪಂದದ ಭೇದವು ಕೇವಲ ಕುಯುಕ್ತಿಯೆಂದು ಹೇಳುವುದೂ ನ್ಯಾಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯು ಈ ಸೀಮೆಯ ಸುಮಾರು ನೂರಕ್ಕೆ ಅರುವತ್ತು ಭಾಗವು ಆಗಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿರುವುದನ್ನು ಕಂಡು ಆಶ್ಚರ್ಯಪಟ್ಟಿದ್ದನು. ಹಳೆಯ ಕೆರೆಗಳನ್ನು ಎತ್ತಿನಿಲ್ಲಿಸಬಹುದೇ ಹೊರತು ನಿಜವಾಗಿ ಹೊಸದೊಂದು ಕೆರೆಯನ್ನು ಕಟ್ಟಿದರೆ ಅದೇ ಕಣಿವೆಯಲ್ಲಿ ಕೆಳಗಿರುವ ಮತ್ತೊಂದು ಕೆರೆಯ ನೀರು ಕಡಿಮೆಯಾಗುವುದು ಬಹುಮಟ್ಟಿಗೆ ನಿಶ್ಚಯವೆಂದು ಅವನ ಅಭಿಪ್ರಾಯ. ಮೇಲಿನ ಕೆರೆ ಮೂವತ್ತು ವರ್ಷ ಒಡೆದಿದ್ದರೆ ಕೆಳಗಿನವನು ಮೂವತ್ತು ವರ್ಷ ಆ ನೀರನ್ನು ನಂಬಿ ಬೆಳೆ ತೆಗೆದಿರುತ್ತಾನೆ. ಅವನ ನಂಬಿಕೆಯೂ ಹಕ್ಕಾಗಬಾರದೇಕೆ? ಹಳೆಯದು ಹೊಸದೆಂಬ ಭೇದವನ್ನು ಎಲ್ಲಿಯೋ ಒಂದೆಡೆ ಗೆರೆಯೆಳೆದು ನಿಲ್ಲಿಸಲೇಬೇಕಾಗಿತ್ತು. ಗೆರೆಯೆಳೆದುದು ದೋಷವಲ್ಲ, ಆ ಗೆರೆಯನ್ನು ತಮ್ಮ ಭಾಷೆಯಲ್ಲಿ ಓದಿ ತಿಳಿದುಕೊಳ್ಳುವ ಅವಕಾಶವು ಆ ನೀರನ್ನೇ ನಂಬಿ ಬಾಳುವವರಿಗೆ ಸುಲಭವಾಗಿರದಿದ್ದುದೇ ಯೋಚಿಸತಕ್ಕ ವಿಷಯ.

ಮುಂದಣ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳಬಹುದು. 1910ರ ಸುಮಾರಿನಲ್ಲಿ ಕನ್ನಂಬಾಡಿಯ ಯೋಜನೆಯನ್ನು ಮೈಸೂರು ಮುಂದಿಟ್ಟಾಗ ಅದು ಹೊಸ ರೆಸರ್ವಾಯರೆಂಬುದರಲ್ಲಿ ಸಂದೇಹವಿರಲಿಲ್ಲ. ವಿವಾದ ಹುಟ್ಟಿದುದು ಮದರಾಸು ಸರ್ಕಾರದ ಅನುಭೋಗದ ಹಕ್ಕು ಎಲ್ಲಿಯವರೆಗೆ ಹಬ್ಬಿದೆಯೆಂಬುದನ್ನು ಕುರಿತು. ಆ ಸರ್ಕಾರವು 11 ಟಿ.ಎಂ.ಸಿ. ನೀರು ನಿಲ್ಲುವ ಸಣ್ಣ ಕಟ್ಟಡಕ್ಕೆ ಮಾತ್ರ ಒಪ್ಪಿತು. ಮೈಸೂರಿಗೆ ಬೇಕಾಗಿದ್ದುದು 41.5 ಟಿ.ಎಂ.ಸಿ. ನಿಲ್ಲುವ ಕಟ್ಟಡ. ವಿವಾದವು ಪಂಚಾಯಿತಿಗೆ ಹೋಗಿ, ಗ್ರಿಫಿನ್ ಎಂಬ ನ್ಯಾಯಾಧೀಶನು 1914ರಲ್ಲಿ ತೀರ್ಪು ಕೊಟ್ಟನು. ಭಾರತ ಸರ್ಕಾರವು 1916ರಲ್ಲಿ ಅದನ್ನು ಸ್ಥಿರಪಡಿಸಿದರೂ ಮದರಾಸು ಸರ್ಕಾರವು ಸಮ್ಮತಿಸದೆ ಮೇಲಕ್ಕೆ ಹೋಯಿತು. ಕಡೆಗೆ 1924ನೆಯ ಇಸವಿ ಫೆಬ್ರವರಿ 18ರಂದು, ಮೊದಲಿನ ಒಪ್ಪಂದವಾಗಿ ಸರಿಯಾಗಿ 32 ವರ್ಷಗಳಾದ ದಿನವೇ, ಎರಡನೆಯ ಒಪ್ಪಂದವಾಯಿತು. ಕೃಷ್ಣರಾಜಸಾಗರದಡಿಯಲ್ಲಿ 1,25,000 ಎಕರೆಗಳಿಗೂ, ಕಾವೇರಿ ಮತ್ತು ಅದರ ಉಪನದಿಗಳಡಿಯಲ್ಲಿ ಮುಂದೆ 1,10,000 ಎಕರೆಗಳಿಗೂ ಮೈಸೂರು ನೀರಾವರಿಯನ್ನು ವಿಸ್ತರಿಸಬಹುದೆಂದು ಅದರಲ್ಲಿ ಗೊತ್ತಾಯಿತು. ಹೊಸದು ಹಳೆಯದೆಂಬ ಪದಗಳ ಚರ್ಚೆಯಿಂದ ಎಕರೆಗಳ ಮತ್ತು ಘನ ಅಡಿಗಳ ಲೆಕ್ಕಕ್ಕೆ ಬಂದುದು ಈ ಒಪ್ಪಂದದ ವಿಶೇಷ. ಶಬ್ದಕ್ಕಿಂತ ಸಂಖ್ಯೆಯಲ್ಲಿ ಸಂದಿಗ್ಧತೆ ಕಡಮೆಯೆಂದು ಮೂವತ್ತೆರಡು ವರ್ಷಗಳ ಅನುಭವವು ಕಲಿಸಿತೆಂದು ತೋರುತ್ತದೆ.

ಆದರೂ ವ್ಯಾಜ್ಯ ಮುಗಿಯಲಿಲ್ಲ. ಹೇಮಾವತಿಗೆ ಗೊರೂರಿನ ಬಳಿ ಕಟ್ಟಿದ ಅಣೆಯು 1979ರಲ್ಲಿ ಸಿದ್ಧವಾಯಿತು. 1924ರ ಒಪ್ಪಂದದ 50 ವರ್ಷಗಳ ಅವಧಿಯು 1974ಕ್ಕೆ ತೀರಿತೇ ಇಲ್ಲವೇ ಎಂಬ ಪ್ರಶ್ನೆಯು 1990ರಲ್ಲಿ ಸ್ಥಾಪಿತವಾದ ನ್ಯಾಯಾಧಿಕರಣದ ಮುಂದೆಯೂ ಚರ್ಚೆಗೆ ಬಂದಿತು. ಅದರ ಅಂತಿಮ ತೀರ್ಪು 2007ರಲ್ಲಿ ಹೊರಟಿತು. 2018ನೆಯ ಇಸವಿ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಹಳೆಯ ಒಪ್ಪಂದಗಳು ಸಿಂಧುವಾಗಿದ್ದುವೆಂದೂ, 1924ರದು 1974ರಲ್ಲಿ ಮುಗಿದುಹೋಯಿತೆಂದೂ ಹೇಳಿ, ಕರ್ನಾಟಕಕ್ಕೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಾಗಿ ಕೊಟ್ಟಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಆರಿಸಿದ ಪದಗಳ ನೆರಳು ಇಪ್ಪತ್ತೊಂದನೆಯ ಶತಮಾನದವರೆಗೂ ಚಾಚಿತು.

ಪದಗಳ ಈ ತೊಡಕು ಇಂದಿಗೂ ತೀರಿಲ್ಲ. ಕರ್ನಾಟಕದ ವಿಧಾನಮಂಡಲವು ಕೆರೆಗಳ ಸಂರಕ್ಷಣೆಗಾಗಿ 2014ರಲ್ಲಿ ಮಾಡಿದ ಶಾಸನಕ್ಕೆ ಇಂಗ್ಲಿಷಿನಲ್ಲಿ ಲೇಕ್ ಎಂಬ ಪದವಿದ್ದ ಹೆಸರನ್ನಿಟ್ಟಿತ್ತು. 2018ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಲೇಕ್ ಹೋಗಿ ಟ್ಯಾಂಕ್ ಬಂದಿತು. ಕನ್ನಡದಲ್ಲಿ ಹೇಳುವುದಾದರೆ ಎರಡೂ ಕೆರೆಯೇ. ಬದಲಾಯಿಸಲು ಏನೂ ಇಲ್ಲ. ಇತ್ತ ಟ್ಯಾಂಕ್ ಎಂಬ ಮಾತು ತಾನೇ ವೇಷವನ್ನು ಬದಲಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲಿಷರು ಗುಟ್ಟಾಗಿ ತಯಾರಿಸಿದ ಉಕ್ಕಿನ ಯುದ್ಧರಥವನ್ನು, ಶತ್ರುವಿಗೆ ತಿಳಿಯದಿರಲೆಂದು ನೀರಿನ ಟ್ಯಾಂಕೆಂಬ ನೆವದಿಂದ ಕರೆದರು. 1916ರಲ್ಲಿ ಅದು ರಣರಂಗಕ್ಕಿಳಿದ ಮೇಲೆಯೂ ಆ ಹೆಸರೇ ನಿಂತಿತು. ನಮ್ಮ ಮನೆಗಳಲ್ಲಿಯೋ ಟ್ಯಾಂಕೆಂದರೆ ಮಾಳಿಗೆಯ ಮೇಲಣ ನೀರಿನ ತೊಟ್ಟಿ. ಇಂದಿನ ಬಾಲಕನಿಗೆ ಕೆರೆಯೆಂದರೆ ಟ್ಯಾಂಕ್ ಎಂದು ಕಲಿಸಿದರೆ ಅವನ ಕಣ್ಣಮುಂದೆ ಬರುವುದು ಯಾವುದು? ಏರಿಯಿಲ್ಲದ, ಕೋಡಿಯಿಲ್ಲದ, ನಲ್ಲಿಯಿಂದ ತುಂಬಿ ನಲ್ಲಿಗೇ ಖಾಲಿಯಾಗುವ ಒಂದು ಪೆಟ್ಟಿಗೆ.

ಇಷ್ಟೆಲ್ಲದರಿಂದ ನಾವು ಕಲಿಯತಕ್ಕದ್ದೇನು? ಇಂಗ್ಲಿಷಿನಲ್ಲಿ ಬರೆಯುವಾಗ ವಸ್ತುವಿನ ಸ್ವರೂಪವನ್ನು ಮೊದಲು ವಿಚಾರಿಸಬೇಕು. ಪ್ರಕೃತಿಸಿದ್ಧವೋ ಮನುಷ್ಯನಿರ್ಮಿತವೋ, ಅಗೆದುದೋ ಅಡ್ಡಗಟ್ಟಿದುದೋ, ನೀರನ್ನು ಶೇಖರಿಸುವುದೋ ತಿರುಗಿಸುವುದೋ, ಮಣ್ಣಿನದೋ ಕಲ್ಲಿನದೋ ಎಂಬ ಪ್ರಶ್ನೆಗಳನ್ನು ಹಾಕಿಕೊಂಡರೆ ಲೇಕ್, ಪಾಂಡ್, ಟ್ಯಾಂಕ್, ರೆಸರ್ವಾಯರ್, ವಿಯರ್, ಡ್ಯಾಂ, ಬಂಡ್‌ಗಳು ತಾವಾಗಿ ತಮ್ಮ ತಮ್ಮ ಸ್ಥಾನದಲ್ಲಿ ಕೂರುವುವು. ಯಾವುದೂ ಹೊಂದದೆ ಹೋದಲ್ಲಿ ಕೆರೆಯನ್ನು ಕೆರೆಯೆಂದೇ ಬರೆದು ಅದರ ಲಕ್ಷಣವನ್ನು ವಿವರಿಸುವುದು ಲೇಸು. ಅನಿಕಟ್ ಎಂಬುದನ್ನು ಆ ಭಾಷೆಯು ಹಾಗೆ ಸ್ವೀಕರಿಸಿತಲ್ಲವೆ?

ಇದಕ್ಕಿಂತ ಮುಖ್ಯವಾದುದು ನಮ್ಮ ಮಾತುಗಳನ್ನು ನಾವು ಕಳೆದುಕೊಳ್ಳದಿರುವುದು. ಕೆರೆಗೂ ಕಟ್ಟೆಗೂ ಕುಂಟೆಗೂ ಇರುವ ಭೇದವನ್ನು ಹೇಳಬಲ್ಲ ವೃದ್ಧರು ಒಂದೊಂದು ಹೋಬಳಿಯಲ್ಲಿಯೂ ಇನ್ನೂ ಇದ್ದಾರೆ. ವಿದ್ಯಾವಂತರಾದ ಗೃಹಸ್ಥರೂ ಉಪಾಧ್ಯಾಯರೂ ತಮ್ಮ ತಮ್ಮ ಊರುಗಳ ಜಲಸ್ಥಾನಗಳ ಹೆಸರುಗಳನ್ನೂ, ಅವುಗಳ ಅಂಗಗಳಿಗೆ ಅಲ್ಲಿ ನಡೆಯುವ ಮಾತುಗಳನ್ನೂ, ಕೆರೆ ಒಡೆದ ಮತ್ತು ಎತ್ತಿಕಟ್ಟಿದ ವರ್ಷಗಳನ್ನೂ ಕೇಳಿ ಬರೆದಿಟ್ಟರೆ ಅದೊಂದು ಉಪಯುಕ್ತವಾದ ಕೋಶವಾಗುವುದು. ಮೂವತ್ತು ವರ್ಷಗಳ ಬಳಕೆ ಹಕ್ಕನ್ನು ತೀರ್ಮಾನಿಸಿದ ನಾಡಿನಲ್ಲಿ ಇಂತಹ ಬರಹವು ಕೇವಲ ಭಾಷಾಸೇವೆಯಲ್ಲ. ಶಬ್ದದ ನೆನಪು ಉಳಿದಲ್ಲಿ ವಸ್ತುವಿನ ನೆನಪೂ ಉಳಿಯುತ್ತದೆ. ಏರಿಯೊಡೆದ ಕೆರೆಯನ್ನು ಊರಿನವರು ಕೆರೆಯೆಂದು ಕರೆಯುತ್ತಿರುವವರೆಗೆ ಅದನ್ನು ಮತ್ತೆ ಕಟ್ಟುವವನು ಹುಟ್ಟಬಹುದೆಂಬ ಆಸೆಯಿರುತ್ತದೆ.